ಹಿಪಾರ್ಕಸ್ ಮತ್ತು ಚಿತ್ತಾ ನಕ್ಷತ್ರದ ಎರಡು ಡಿಗ್ರಿ

ಆಕಾಶಪ್ರಿಯ

ಪ್ರಾಚೀನ ಗ್ರೀಕ್ ಖಗೋಳಜ್ಞ ಹಿಪಾರ್ಕಸ್ ಹೆಸರು ಬಂದರೆ "ತ್ರಿಕೋನಮಿತಿಯ ಪಿತಾಮಹ" ಅಂತ ಹೇಳಿ ಮುಂದೆ ಹೋಗುವವರೇ ಜಾಸ್ತಿ. ಬಿರುದು ಸರಿಯೇ. ಆದರೆ ಆತನ ಅತಿ ದೊಡ್ಡ ಕೆಲಸ ಬೇರೆ ಅಂತ ನನ್ನ ನಂಬಿಕೆ. ಹಿಂದಿನವರು ಬರೆದಿಟ್ಟ ಅಳತೆಗಳನ್ನು ತನ್ನ ಅಳತೆಯ ಪಕ್ಕ ಇಟ್ಟು ನೋಡಿದ. ವ್ಯತ್ಯಾಸ ಬಂದಾಗ ಅದನ್ನು ತಳ್ಳಿಹಾಕದೆ ಬೆನ್ನು ಹತ್ತಿದ. ಈ ಅಭ್ಯಾಸದಿಂದಲೇ ಖಗೋಳಶಾಸ್ತ್ರ ಒಬ್ಬರ ಆಯುಸ್ಸನ್ನು ಮೀರಿ ಬೆಳೆಯಿತು.

ಮೊದಲು ಸ್ವಲ್ಪ ಪರಿಚಯ. ಹುಟ್ಟಿದ್ದು ಸುಮಾರು ಕ್ರಿ.ಪೂ. 190ರಲ್ಲಿ, ನೈಸಿಯಾ ಎಂಬ ಊರಿನಲ್ಲಿ. ಈಗ ಅದು ಟರ್ಕಿಯ ಇಜ್ನಿಕ್. ಜೀವನದ ಬಹುಪಾಲು ವೀಕ್ಷಣೆ ನಡೆಸಿದ್ದು ರೋಡ್ಸ್ ದ್ವೀಪದಲ್ಲಿ. ಬರೆದ ಪುಸ್ತಕಗಳು ಹಲವು. ಪೂರ್ತಿಯಾಗಿ ಉಳಿದದ್ದು ಒಂದೇ. ಅರಾಟಸ್ ಎಂಬ ಕವಿ ನಕ್ಷತ್ರಗಳ ಬಗ್ಗೆ ಬರೆದ ಕಾವ್ಯದಲ್ಲಿನ ತಪ್ಪುಗಳನ್ನು ಎತ್ತಿ ತೋರಿಸುವ ವಿಮರ್ಶೆ ಅದು. ಉಳಿದದ್ದೆಲ್ಲ ನಮಗೆ ಗೊತ್ತಾಗುವುದು ಹೆಚ್ಚಾಗಿ ಟಾಲೆಮಿಯಿಂದ. ಹಿಪಾರ್ಕಸ್ ಆದ ಸುಮಾರು ಮುನ್ನೂರು ವರ್ಷಗಳ ಮೇಲೆ ಅಲೆಕ್ಸಾಂಡ್ರಿಯಾದಲ್ಲಿ ಕೂತು ಆತ ಬರೆದ ಆಲ್ಮಜೆಸ್ಟ್ ಗ್ರಂಥದಲ್ಲಿ ಹಿಪಾರ್ಕಸ್ ಹೆಸರು ಮತ್ತೆ ಮತ್ತೆ ಬರುತ್ತದೆ.

ಈಗ ಚಿತ್ತಾ ನಕ್ಷತ್ರದ ವಿಷಯ. ಹೌದು, ನಮ್ಮ ರೈತರು ಚಿತ್ತಾ ಮಳೆ ಅಂತಾರಲ್ಲ, ಅದೇ ಚಿತ್ತಾ. ಕನ್ಯಾ ರಾಶಿಯ ಪ್ರಕಾಶಮಾನವಾದ ತಾರೆ, ಇಂಗ್ಲಿಷಿನಲ್ಲಿ ಸ್ಪೈಕಾ. ಸೆಪ್ಟೆಂಬರಿನಲ್ಲಿ ಹಗಲು ರಾತ್ರಿ ಸಮವಾಗುವ ದಿನ ಸೂರ್ಯ ಆಕಾಶದಲ್ಲಿ ಇರುವ ಜಾಗಕ್ಕೆ ಶರತ್ ವಿಷುವ ಬಿಂದು ಅನ್ನುತ್ತಾರೆ. ಆ ಬಿಂದುವಿನಿಂದ ಚಿತ್ತಾ ಎಷ್ಟು ದೂರ ಅಂತ ಹಿಪಾರ್ಕಸ್ ಅಳೆಯಬೇಕಿತ್ತು. ಸೂರ್ಯ ಇದ್ದಾಗ ನಕ್ಷತ್ರ ಕಾಣುವುದಿಲ್ಲ, ನಕ್ಷತ್ರ ಕಾಣುವಾಗ ಸೂರ್ಯ ಇರುವುದಿಲ್ಲ. ಹಾಗಾದರೆ ಅಳೆಯುವುದು ಹೇಗೆ?

ಆತ ಚಂದ್ರಗ್ರಹಣವನ್ನು ಬಳಸಿದ. ಗ್ರಹಣದ ಮಧ್ಯದಲ್ಲಿ ಚಂದ್ರ ಸೂರ್ಯನಿಗೆ ಸರಿಯಾಗಿ ಎದುರು, 180 ಡಿಗ್ರಿಯಲ್ಲಿ ಇರುತ್ತಾನೆ. ಆ ದಿನ ಸೂರ್ಯ ಎಲ್ಲಿದ್ದಾನೆ ಎಂಬುದು ಲೆಕ್ಕದಿಂದ ಗೊತ್ತು. ಹಾಗಾಗಿ ಚಂದ್ರ ಎಲ್ಲಿದ್ದಾನೆ ಎಂಬುದೂ ಗೊತ್ತು. ಚಂದ್ರನಿಂದ ಚಿತ್ತಾವರೆಗಿನ ಕೋನ ಅಳೆದರೆ ಮುಗಿಯಿತು. ಉತ್ತರ ಬಂತು: ವಿಷುವ ಬಿಂದುವಿನಿಂದ 6 ಡಿಗ್ರಿ ಪಶ್ಚಿಮಕ್ಕೆ.

ಆದರೆ ಸುಮಾರು 160 ವರ್ಷ ಮೊದಲು ಅಲೆಕ್ಸಾಂಡ್ರಿಯಾದ ಖಗೋಳಜ್ಞ ತಿಮೊಕಾರಿಸ್ ಇದೇ ನಕ್ಷತ್ರವನ್ನು ಅಳೆದಿದ್ದ. ಆತನಿಗೆ ಸಿಕ್ಕಿದ್ದು 8 ಡಿಗ್ರಿ.

ಎರಡು ಡಿಗ್ರಿ! ಆ ಕಾಲದ ಉಪಕರಣಗಳು ನಮಗೆ ಗೊತ್ತು. ಹಳೆಯವನು ತಪ್ಪು ಮಾಡಿರಬೇಕು ಅಂತ ಸುಮ್ಮನಾಗಿಬಿಡಬಹುದಿತ್ತು. ಹಿಪಾರ್ಕಸ್ ತಿಮೊಕಾರಿಸ್‌ನನ್ನು ನಂಬಿದ. ರಾಶಿಚಕ್ರದ ಹತ್ತಿರದ ನಕ್ಷತ್ರಗಳು ಮಾತ್ರ ಸರಿಯುತ್ತವೆಯೇ ಅಂತಲೂ ಮೊದಲು ಯೋಚಿಸಿ ನೋಡಿದ. ಕೊನೆಗೆ ಹೇಳಿದ್ದು ಬಹಳ ಎಚ್ಚರಿಕೆಯ ಮಾತು: ಈ ದೂರ ಬದಲಾಗುವುದು ನೂರು ವರ್ಷಕ್ಕೆ "ಕನಿಷ್ಠ" ಒಂದು ಡಿಗ್ರಿ. ಈಗ ನಮಗೆ ಗೊತ್ತಿರುವುದು ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ. ಟಾಲೆಮಿ ಆ "ಕನಿಷ್ಠ"ವನ್ನೇ ನಿಜವಾದ ವೇಗ ಅಂದುಕೊಂಡ. ಹಿಪಾರ್ಕಸ್ ಹೇಳಿದ ಮಾತು ಇವತ್ತಿಗೂ ತಪ್ಪಲ್ಲ, ನೋಡಿ.

ಮಲೆನಾಡಹುಡುಗಿ

ತುಂಬಾ ಚೆನ್ನಾಗಿ ಬರೆದಿದ್ದೀರಿ. ಒಂದು ಸಂಶಯ. ನಕ್ಷತ್ರಗಳು ನಿಜವಾಗಿ ಸರಿಯುತ್ತವಾ ಅಥವಾ ಆ ಬಿಂದು ಸರಿಯುತ್ತದಾ? ಮತ್ತೆ ಅದು ಯಾಕೆ ಸರಿಯಬೇಕು?

ಗಣಿತಮೇಷ್ಟ್ರು

ಸರಿಯುವುದು ಬಿಂದು, ತಂಗಿ. ಭೂಮಿಯ ಅಕ್ಷ ತಿರುಗುವ ಬುಗುರಿಯ ತಲೆಯ ಹಾಗೆ ನಿಧಾನವಾಗಿ ಸುತ್ತುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಭೂಮಿ ಪೂರ್ತಿ ಗುಂಡಗಿಲ್ಲ, ನಡುವೆ ಸ್ವಲ್ಪ ಉಬ್ಬಿದೆ. ಆ ಉಬ್ಬನ್ನು ಚಂದ್ರ ಮತ್ತು ಸೂರ್ಯ ಎಳೆಯುತ್ತವೆ. ಅದೇ ಕಾರಣ. ಇದನ್ನು ವಿವರಿಸಿದವನು ನ್ಯೂಟನ್, 1687ರಲ್ಲಿ. ಹಿಪಾರ್ಕಸ್‌ಗೆ ಕಾರಣ ಗೊತ್ತಿರಲಿಲ್ಲ. ಆತನ ಪ್ರಕಾರ ಭೂಮಿ ನಿಂತಿತ್ತು. ಆದರೂ ಅಳತೆ ಅಳತೆಯೇ.

ಇದನ್ನು ನೀವೇ ಲೆಕ್ಕ ಹಾಕಿ ನೋಡಬಹುದು. ವಸಂತ ವಿಷುವದಿಂದ ಎಣಿಸಿದರೆ ಶರತ್ ವಿಷುವ 180 ಡಿಗ್ರಿಯಲ್ಲಿದೆ. ಹಿಪಾರ್ಕಸ್ ಕಾಲದ ಚಿತ್ತಾ 174ರಲ್ಲಿತ್ತು. ಈಗ ಹೆಚ್ಚುಕಡಿಮೆ 204ರಲ್ಲಿದೆ. 30 ಡಿಗ್ರಿ ಸರಿಯಲು ಸುಮಾರು 2,150 ವರ್ಷ ಹಿಡಿಯಿತು. ಭಾಗಿಸಿದರೆ ಡಿಗ್ರಿಗೆ 72 ವರ್ಷ ಬರುತ್ತದೆ. ನಾನು ಪಿಯುಸಿ ಮಕ್ಕಳಿಗೆ ಇದನ್ನು ಬೋರ್ಡಿನ ಮೇಲೆ ಮಾಡಿಸುತ್ತೇನೆ. ಎರಡು ಸಾವಿರ ವರ್ಷದ ಹಿಂದಿನ ಒಬ್ಬ ಮನುಷ್ಯನ ಅಳತೆಯನ್ನು ಇವತ್ತಿನ ಅಳತೆಯಿಂದ ಕಳೆದು ಉತ್ತರ ಸರಿ ಬಂದಾಗ ಅವರ ಮುಖ ನೋಡಬೇಕು.

ಮಕರ ಸಂಕ್ರಾಂತಿಯ ಗೊಂದಲವೂ ಇದೇ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ. ನಾವು ಎಳ್ಳು ಬೀರುವುದು ಜನವರಿ 14-15ಕ್ಕೆ. ನಮ್ಮ ಪಂಚಾಂಗ ನಕ್ಷತ್ರಗಳನ್ನು ಹಿಡಿದು ರಾಶಿ ಎಣಿಸುತ್ತದೆ, ಋತು ವಿಷುವವನ್ನು ಹಿಡಿದು ನಡೆಯುತ್ತದೆ. ಎರಡರ ನಡುವೆ ಈಗ 24 ಡಿಗ್ರಿ ಅಂತರ. ಇದನ್ನೇ ಅಯನಾಂಶ ಅನ್ನುವುದು. ಇದನ್ನು ನಿಗದಿ ಮಾಡಲು ಬಹಳ ಪಂಚಾಂಗಗಳು ಹಿಡಿಯುವುದೂ ಚಿತ್ತಾ ನಕ್ಷತ್ರವನ್ನೇ. ಮೇಘನಾದ ಸಾಹಾ ಅಧ್ಯಕ್ಷರಾಗಿದ್ದ ಪಂಚಾಂಗ ಸುಧಾರಣಾ ಸಮಿತಿಯೂ 1955ರಲ್ಲಿ ಚಿತ್ತಾವನ್ನೇ ಆಧಾರವಾಗಿ ಇಟ್ಟುಕೊಂಡಿತು.

ಬೇಸಾಯಗಾರ

ಮೇಷ್ಟ್ರೇ, ಹಾಗಾದರೆ ನಮ್ಮ ಮಳೆ ನಕ್ಷತ್ರಗಳೂ ಸರಿಯುತ್ತವೆ ಅಂತಾಯ್ತಲ್ಲ? ನಮ್ಮ ಕಡೆ ಇವತ್ತಿಗೂ ಬಿತ್ತನೆಗೆ ಮಳೆ ನಕ್ಷತ್ರ ನೋಡುತ್ತೇವೆ.

ಗಣಿತಮೇಷ್ಟ್ರು

ಸರಿಯುತ್ತವೆ, ಆದರೆ ಬಹಳ ನಿಧಾನ. ಈಗ ಸೂರ್ಯ ಚಿತ್ತಾ ನಕ್ಷತ್ರದ ಪಕ್ಕ ಬರುವುದು ಅಕ್ಟೋಬರ್ ಮಧ್ಯದಲ್ಲಿ. ಹಿಪಾರ್ಕಸ್ ಕಾಲದಲ್ಲಿ ಶರತ್ ವಿಷುವಕ್ಕೆ ಸುಮಾರು ಆರು ದಿನ ಮೊದಲೇ ಬರುತ್ತಿತ್ತು. ಅಂದರೆ ಈಗಿನ ಲೆಕ್ಕದಲ್ಲಿ ಸೆಪ್ಟೆಂಬರ್ ಮಧ್ಯ. ಎರಡು ಸಾವಿರ ವರ್ಷಕ್ಕೆ ಒಂದು ತಿಂಗಳು. ನಿಮ್ಮ ಅಜ್ಜನ ಕಾಲಕ್ಕೂ ನಿಮಗೂ ಒಂದು ದಿನದ ವ್ಯತ್ಯಾಸ ಇದ್ದೀತು ಅಷ್ಟೆ. ಮಳೆ ಹಿಂದುಮುಂದಾಗುತ್ತಿರುವುದಕ್ಕೆ ಕಾರಣ ಬೇರೆ ಇವೆ, ಅದನ್ನು ಇದಕ್ಕೆ ತಳಕು ಹಾಕಬೇಡಿ.

ಇತಿಹಾಸದಹುಚ್ಚು

ಚರ್ಚೆ ಚೆನ್ನಾಗಿದೆ, ಆದರೆ ನನ್ನ ಎರಡು ತಕರಾರು ಕೇಳಿ.

ಒಂದು, ಹಿಪಾರ್ಕಸ್‌ನ ಹೆಸರಿನಲ್ಲಿ ಹೇಳುವ ಎಷ್ಟೋ ಅಂಕಿಗಳು ಬ್ಯಾಬಿಲೋನಿನವು. ಮಣ್ಣಿನ ಫಲಕಗಳ ಮೇಲೆ ಶತಮಾನಗಟ್ಟಲೆ ಗ್ರಹಣ ದಾಖಲಿಸಿದವರು ಅವರು. ಅವರಲ್ಲಿ ಹೆಚ್ಚಿನವರ ಹೆಸರೂ ನಮಗೆ ಗೊತ್ತಿಲ್ಲ. ಕೀರ್ತಿ ಮಾತ್ರ ಗ್ರೀಕರಿಗೆ.

ಎರಡು, ಉಜ್ಜಯಿನಿಯ ಜ್ಯೋತಿಷಿ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಸ್ಪಷ್ಟವಾಗಿ ಹೇಳುತ್ತಾನೆ. ಹಿಂದೆ ದಕ್ಷಿಣಾಯನ ಆಶ್ಲೇಷಾ ನಕ್ಷತ್ರದ ಮಧ್ಯದಿಂದ ಶುರುವಾಗುತ್ತಿತ್ತು, ಈಗ ಕರ್ಕದ ಆರಂಭದಿಂದ ಶುರುವಾಗುತ್ತದೆ ಅಂತ. ವೇದಾಂಗ ಜ್ಯೋತಿಷ ಎಂಬ ಹಳೆಯ ಗ್ರಂಥದ ಕಾಲದ ಸ್ಥಿತಿಯನ್ನು ತನ್ನ ಕಾಲದ ಜೊತೆ ಹೋಲಿಸಿದ್ದು ಅದು. ಇದೂ ಹಳೆಯ ದಾಖಲೆಯನ್ನು ಗೌರವಿಸಿದ್ದೇ ಅಲ್ವಾ?

ಆಕಾಶಪ್ರಿಯ

ಮೊದಲನೆಯದನ್ನು ಪೂರ್ತಿ ಒಪ್ಪುತ್ತೇನೆ. ಒಪ್ಪಿದರೆ ಹಿಪಾರ್ಕಸ್ ನನ್ನ ಕಣ್ಣಿಗೆ ಇನ್ನೂ ದೊಡ್ಡವನಾಗಿ ಕಾಣುತ್ತಾನೆ. ಯಾಕೆ ಅಂತ ಹೇಳುತ್ತೇನೆ.

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ ಎಷ್ಟು ಸಮಯ? ಬ್ಯಾಬಿಲೋನಿನವರ ಅಂಕಿ 29 ದಿನ, 12 ಗಂಟೆ, 44 ನಿಮಿಷ, 3 ಸೆಕೆಂಡಿನ ಮೇಲೆ ಚೂರು. ಇವತ್ತಿನ ಅಳತೆಗೂ ಅದಕ್ಕೂ ಒಂದು ಸೆಕೆಂಡಿನಷ್ಟೂ ವ್ಯತ್ಯಾಸ ಇಲ್ಲ. ಅಂಕಿ ಅವರದು, ಹಿಪಾರ್ಕಸ್‌ನದಲ್ಲ. ಆದರೆ ಆತ ಅದನ್ನು ಕಣ್ಣುಮುಚ್ಚಿ ನಕಲು ಮಾಡಲಿಲ್ಲ. ಸುಮಾರು 345 ವರ್ಷ ಹಿಂದಿನ ಬ್ಯಾಬಿಲೋನಿನ ಗ್ರಹಣಗಳನ್ನು ತೆಗೆದುಕೊಂಡು ತನ್ನ ಕಾಲದ ಗ್ರಹಣಗಳ ಜೊತೆ ಹೊಂದಿಸಿ ನೋಡಿದ. ನಡುವೆ 4,267 ಚಾಂದ್ರಮಾಸ, 1,26,007 ದಿನ ಮತ್ತು ಒಂದು ಗಂಟೆ. ಇಷ್ಟು ಉದ್ದದ ಅವಧಿ ಹಿಡಿದರೆ ಗ್ರಹಣದ ಸಮಯ ಗುರುತಿಸುವಾಗ ಅರ್ಧ ಗಂಟೆ ಹೆಚ್ಚುಕಡಿಮೆ ಆದರೂ ಆ ದೋಷ ನಾಲ್ಕು ಸಾವಿರ ತಿಂಗಳಿಗೆ ಹಂಚಿಹೋಗುತ್ತದೆ. ಹೆಸರಿಲ್ಲದ ಆ ಲಿಪಿಕಾರರ ಶ್ರಮಕ್ಕೆ ಬೆಲೆ ಬಂದದ್ದು ಇಂಥ ಪರೀಕ್ಷೆಯಲ್ಲಿ.

ವರಾಹಮಿಹಿರನ ಮಾತೂ ಸರಿ. ಅದು ಬಹಳ ಅಮೂಲ್ಯವಾದ ಸಾಲು. ಆತ ಬದಲಾವಣೆಯನ್ನು ಗುರುತಿಸಿದ, ವೇಗ ಹೇಳಲಿಲ್ಲ. ಮುಂದೆ ಸೂರ್ಯಸಿದ್ಧಾಂತ ಎಂಬ ಸಂಸ್ಕೃತ ಗ್ರಂಥದಲ್ಲಿ ವೇಗವೂ ಬರುತ್ತದೆ: ವರ್ಷಕ್ಕೆ 54 ವಿಕಲೆ (ವಿಕಲೆ ಅಂದರೆ ಡಿಗ್ರಿಯ 3,600ನೇ ಒಂದು ಭಾಗ). ನಿಜವಾದದ್ದು 50 ವಿಕಲೆಯ ಆಸುಪಾಸು. ಟಾಲೆಮಿಯ 36 ವಿಕಲೆಗಿಂತ ಇದು ಎಷ್ಟೋ ಉತ್ತಮ! ಆದರೆ ಸೂರ್ಯಸಿದ್ಧಾಂತದಲ್ಲಿ ವಿಷುವ 27 ಡಿಗ್ರಿ ಆಚೆ, 27 ಡಿಗ್ರಿ ಈಚೆ ತೂಗುತ್ತದೆ, ಪೂರ್ತಿ ಸುತ್ತುವುದಿಲ್ಲ.

ವರಾಹಮಿಹಿರನಲ್ಲೇ ಇನ್ನೊಂದು ಅಚ್ಚರಿ ಇದೆ. ಆತ ಪಂಚಸಿದ್ಧಾಂತಿಕಾದಲ್ಲಿ ರೋಮಕ ಸಿದ್ಧಾಂತದ ಲೆಕ್ಕ ಕೊಡುತ್ತಾನೆ. ಅದರ ಪ್ರಕಾರ 2,850 ವರ್ಷಕ್ಕೆ 10,40,953 ದಿನ. ಭಾಗಿಸಿ ನೋಡಿ. ವರ್ಷಕ್ಕೆ 365 ದಿನ, 5 ಗಂಟೆ, 55 ನಿಮಿಷ, 12 ಸೆಕೆಂಡ್. ಈಗ ಹಿಪಾರ್ಕಸ್ ಹೇಳಿದ ವರ್ಷ ತೆಗೆದುಕೊಳ್ಳಿ: 365 ದಿನಕ್ಕೆ ಕಾಲು ದಿನ ಸೇರಿಸಿ, ದಿನದ 300ನೇ ಒಂದು ಭಾಗ ಕಳೆಯಿರಿ. ಅದೂ 365 ದಿನ, 5 ಗಂಟೆ, 55 ನಿಮಿಷ, 12 ಸೆಕೆಂಡ್! ಸೆಕೆಂಡಿಗೆ ಸೆಕೆಂಡ್ ಒಂದೇ. ರೋಡ್ಸ್‌ನಲ್ಲಿ ಮಾಡಿದ ಲೆಕ್ಕ ಏಳು ಶತಮಾನದ ಮೇಲೆ ಉಜ್ಜಯಿನಿಯ ಪಂಡಿತನ ಪುಸ್ತಕದಲ್ಲಿ ಹಾಗೇ ಕೂತಿದೆ. ನಿಜವಾದ ವರ್ಷಕ್ಕಿಂತ ಆರೂವರೆ ನಿಮಿಷದಷ್ಟು ಜಾಸ್ತಿ ಇರುವ ಅಂಕಿ ಇದು. ಹಾಗಾಗಿ ಇಬ್ಬರೂ ಬೇರೆ ಬೇರೆ ಅಳೆದು ಒಂದೇ ಉತ್ತರಕ್ಕೆ ಬಂದರು ಅನ್ನುವುದು ಕಷ್ಟ. ಜ್ಞಾನ ಬ್ಯಾಬಿಲೋನಿನಿಂದ ಗ್ರೀಸಿಗೆ ಹೋಯಿತು, ಗ್ರೀಸಿನಿಂದ ನಮ್ಮಲ್ಲಿಗೂ ಬಂತು. ನಮ್ಮಲ್ಲಿಂದ ಮುಂದೆ ಅರಬ್ಬರಿಗೂ ಹೋಯಿತು. ಇದರಲ್ಲಿ ಯಾರೂ ಚಿಕ್ಕವರಾಗುವುದಿಲ್ಲ.

ಗಣಿತಮೇಷ್ಟ್ರು

ತ್ರಿಕೋನಮಿತಿಯಲ್ಲೂ ಇಂಥದ್ದೇ ಒಂದು ಎಳೆ ಇದೆ. ಹಿಪಾರ್ಕಸ್ ಜ್ಯಾಗಳ (ವೃತ್ತದ ಮೇಲಿನ ಎರಡು ಬಿಂದುಗಳನ್ನು ಸೇರಿಸುವ ನೇರ ಗೆರೆಗಳ) ಕೋಷ್ಟಕ ಮಾಡಿದ. ಅಂದರೆ ವೃತ್ತದಲ್ಲಿ ಇಷ್ಟು ಡಿಗ್ರಿ ಕೋನಕ್ಕೆ ಜ್ಯಾ ಎಷ್ಟು ಉದ್ದ ಅಂತ ಪಟ್ಟಿ. ಇದು ಆತನಿಗೆ ಯಾಕೆ ಬೇಕಿತ್ತು ಗೊತ್ತಾ? ಋತುಗಳು ಸಮ ಇಲ್ಲ. ಆತನ ಅಳತೆಯಲ್ಲಿ ವಸಂತ ವಿಷುವದಿಂದ ಸೂರ್ಯ ದಕ್ಷಿಣಕ್ಕೆ ತಿರುಗುವ ದಿನದವರೆಗೆ 94½ ದಿನ, ಅಲ್ಲಿಂದ ಶರತ್ ವಿಷುವಕ್ಕೆ 92½ ದಿನ. ಸೂರ್ಯ ಸಮವೇಗದಲ್ಲಿ ವೃತ್ತದಲ್ಲಿ ಸುತ್ತಿದರೆ ಹೀಗೆ ಆಗುವುದು ಹೇಗೆ? ಭೂಮಿ ಆ ವೃತ್ತದ ನಡುವೆ ಇಲ್ಲ, ಸ್ವಲ್ಪ ಪಕ್ಕಕ್ಕೆ ಇದೆ ಅಂತ ಇಟ್ಟುಕೊಂಡರೆ ಲೆಕ್ಕ ಕೂಡುತ್ತದೆ. ಎಷ್ಟು ಪಕ್ಕಕ್ಕೆ? ತ್ರಿಜ್ಯದ 24ನೇ ಒಂದು ಭಾಗ. ಎರಡೇ ಎರಡು ಅವಧಿಯಿಂದ ಇಷ್ಟನ್ನು ತೆಗೆಯಬೇಕಾದರೆ ಜ್ಯಾ ಕೋಷ್ಟಕ ಕೈಯಲ್ಲಿ ಇರಲೇಬೇಕು.

ಆ ಕೋಷ್ಟಕ ಕಳೆದುಹೋಗಿದೆ. 1973ರಲ್ಲಿ ಇತಿಹಾಸಕಾರ ಟೂಮರ್ ಉಳಿದ ಅಂಕಿಗಳಿಂದ ಅದನ್ನು ಮತ್ತೆ ಕಟ್ಟಲು ನೋಡಿದರು. ಅವರ ಪ್ರಕಾರ ತ್ರಿಜ್ಯ 3438, ಏಳೂವರೆ ಡಿಗ್ರಿಗೊಂದು ಜ್ಯಾ. 3438 ಯಾಕೆ? ವೃತ್ತದ ಪರಿಧಿ 21,600 ಕಲೆ (ಕಲೆ ಅಂದರೆ ಡಿಗ್ರಿಯ 60ನೇ ಒಂದು ಭಾಗ), ಅದನ್ನು 2π ಇಂದ ಭಾಗಿಸಿದರೆ 3438 ಬರುತ್ತದೆ. ಕೋನಕ್ಕೂ ಉದ್ದಕ್ಕೂ ಒಂದೇ ಅಳತೆಗೋಲು.

ಈಗ ಆರ್ಯಭಟನ ಕಡೆ ತಿರುಗಿ. 499ರ ಆರ್ಯಭಟೀಯದಲ್ಲಿ "ಮಖಿ ಭಖಿ ಫಖಿ" ಅಂತ ಶುರುವಾಗುವ ಶ್ಲೋಕ ಇದೆ. ಅಕ್ಷರಗಳಲ್ಲಿ ಅಡಗಿಸಿದ ಅಂಕಿಗಳು 225, 224, 222 ಹೀಗೆ 24 ಅಂತರಗಳು. ಕೂಡುತ್ತಾ ಹೋದರೆ ಕೊನೆಗೆ 3438. ಹೆಜ್ಜೆ ಮೂರೂ ಮುಕ್ಕಾಲು ಡಿಗ್ರಿ, ಅಂದರೆ ಏಳೂವರೆಯ ಸರಿಯಾಗಿ ಅರ್ಧ. ಗ್ರೀಕರು ಪೂರ್ಣ ಜ್ಯಾ ಇಟ್ಟುಕೊಂಡಿದ್ದರು, ನಮ್ಮವರು ಅರ್ಧಜ್ಯಾ ಮಾಡಿಕೊಂಡರು. 60 ಡಿಗ್ರಿಯ ಜ್ಯಾ 3438, 30 ಡಿಗ್ರಿಯ ಅರ್ಧಜ್ಯಾ 1719. ಲೆಕ್ಕ ಮಾಡುವವನಿಗೆ ಅರ್ಧಜ್ಯಾ ಎಷ್ಟು ಸುಲಭ ಅಂತ ಒಮ್ಮೆ ಎರಡೂ ರೀತಿಯಲ್ಲಿ ಮಾಡಿ ನೋಡಿದರೆ ಗೊತ್ತಾಗುತ್ತದೆ. ಇಡೀ ಲೋಕ ಇವತ್ತು ಬಳಸುವ ಸೈನ್ ಅದೇ. ಟೂಮರ್ ವಾದವನ್ನು ಎಲ್ಲ ಇತಿಹಾಸಕಾರರೂ ಒಪ್ಪಿಲ್ಲ ಅನ್ನುವುದನ್ನೂ ಹೇಳಬೇಕು. ನನಗಂತೂ ಆ ಏಳೂವರೆ ಮತ್ತು ಮೂರೂ ಮುಕ್ಕಾಲು ಸುಮ್ನೆ ಕಾಕತಾಳೀಯ ಅನಿಸುವುದಿಲ್ಲ.

ಕಡಲಾಚೆಕನ್ನಡತಿ

ಹಿಪಾರ್ಕಸ್‌ನ ನಕ್ಷತ್ರ ಪಟ್ಟಿಯ ಬಗ್ಗೆ ಯಾರೂ ಬರೆದಿಲ್ಲ, ಅದನ್ನು ನಾನು ಸೇರಿಸುತ್ತೇನೆ. ಆಕಾಶದಲ್ಲಿ ಹೊಸ ನಕ್ಷತ್ರವೊಂದು ಕಾಣಿಸಿಕೊಂಡದ್ದೇ ಆತನಿಗೆ ಪ್ರೇರಣೆ ಅಂತ ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ಮುಂದೆ ಯಾವುದಾದರೂ ತಾರೆ ಹುಟ್ಟಿದರೆ, ಸತ್ತರೆ, ಸರಿದರೆ ಜನಕ್ಕೆ ಗೊತ್ತಾಗಲಿ ಅಂತ ಒಂದೊಂದರ ಸ್ಥಾನ ಬರೆದಿಟ್ಟ.

ಆ ಪಟ್ಟಿಯೂ ಕಳೆದುಹೋಗಿತ್ತು. ಟಾಲೆಮಿಯ ಸಾವಿರ ಚಿಲ್ಲರೆ ತಾರೆಗಳ ಪಟ್ಟಿಯೇ ಹಿಪಾರ್ಕಸ್‌ನ ನಕಲು ಅಂತ ಬಹಳ ಜನ ವಾದಿಸಿದ್ದರು. 2022ರಲ್ಲಿ ಹೊಸ ಸುಳಿವು ಸಿಕ್ಕಿತು. ಈಜಿಪ್ಟಿನ ಸಿನಾಯ್‌ನಲ್ಲಿ ಸೇಂಟ್ ಕ್ಯಾಥರೀನ್ ಮಠ ಇದೆ. ಅಲ್ಲಿಂದ ಬಂದ ಒಂದು ಚರ್ಮದ ಹಸ್ತಪ್ರತಿಯಲ್ಲಿ ಮೇಲೆ ಕಾಣುವುದು ಸಿರಿಯಾಕ್ ಭಾಷೆಯ ಧಾರ್ಮಿಕ ಬರಹ. ಆ ಕಾಲದಲ್ಲಿ ಚರ್ಮ ದುಬಾರಿ, ಹಾಗಾಗಿ ಹಳೆಯ ಬರಹ ಕೆರೆದು ಅದರ ಮೇಲೆ ಹೊಸದು ಬರೆಯುತ್ತಿದ್ದರು. ಕೆರೆದುಹೋದ ಗ್ರೀಕ್ ಅಕ್ಷರಗಳನ್ನು ಬೇರೆ ಬೇರೆ ಬಣ್ಣದ ಬೆಳಕಿನಲ್ಲಿ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಎಬ್ಬಿಸಿದರು. ಕೇಂಬ್ರಿಜ್‌ನ ಪೀಟರ್ ವಿಲಿಯಮ್ಸ್, ಫ್ರಾನ್ಸಿನ ವಿಕ್ಟರ್ ಗಿಸೆಂಬರ್ಗ್ ಮತ್ತು ಅವರ ಸಂಗಡಿಗರ ಕೆಲಸ ಇದು.

ಸಿಕ್ಕಿದ್ದು ಉತ್ತರ ಕಿರೀಟ ಎಂಬ ಪುಟ್ಟ ನಕ್ಷತ್ರಪುಂಜದ ಅಳತೆ. ಉತ್ತರ ಧ್ರುವದಿಂದ 49 ಡಿಗ್ರಿಗೆ ಶುರು, 55¾ ಡಿಗ್ರಿಗೆ ಮುಗಿಯುತ್ತದೆ ಅಂತ ಸ್ಪಷ್ಟ ಅಂಕಿಗಳು. ಇವು ಯಾವ ಕಾಲದವು ಅಂತ ಕಂಡುಹಿಡಿಯಲು ಅಯನ ಚಲನೆಯನ್ನು, ಅಂದರೆ ವಿಷುವ ಬಿಂದು ಸರಿಯುವುದನ್ನು, ಹಿಂದಕ್ಕೆ ಓಡಿಸಿ ನೋಡಿದರು. ಹೊಂದಿದ್ದು ಸುಮಾರು ಕ್ರಿ.ಪೂ. 129ಕ್ಕೆ. ಹಿಪಾರ್ಕಸ್ ಕೆಲಸ ಮಾಡುತ್ತಿದ್ದ ಕಾಲ! ಆತ ಕಂಡುಹಿಡಿದ ಚಲನೆಯೇ ಆತನ ಕಳೆದುಹೋದ ಹಾಳೆಗೆ ತಾರೀಖು ಹಾಕಿಕೊಟ್ಟಿತು. ಅಳತೆಯ ದೋಷ ಒಂದು ಡಿಗ್ರಿಯ ಒಳಗೇ ಇದೆ, ಟಾಲೆಮಿಗಿಂತ ಚೆನ್ನಾಗಿದೆ. ಸುದ್ದಿ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಮಲೆನಾಡಹುಡುಗಿ

ಅಕ್ಕಾ, ರೋಮಾಂಚನ ಆಯ್ತು. ನಕ್ಷತ್ರಗಳ ಪ್ರಕಾಶವನ್ನು ಒಂದರಿಂದ ಆರರವರೆಗೆ ದರ್ಜೆ ಮಾಡಿದ್ದೂ ಹಿಪಾರ್ಕಸ್ ಅಂತ ಪುಸ್ತಕದಲ್ಲಿ ಓದಿದ್ದೆ. ನಿಜವಾ?

ಕಡಲಾಚೆಕನ್ನಡತಿ

ಹಾಗೆ ಹೇಳುವವರು ಬಹಳ ಜನ. ಆದರೆ ಆರು ದರ್ಜೆ ನಮಗೆ ಸ್ಪಷ್ಟವಾಗಿ ಸಿಗುವುದು ಟಾಲೆಮಿಯಲ್ಲಿ. ಉಳಿದಿರುವ ಹಿಪಾರ್ಕಸ್ ಪುಸ್ತಕದಲ್ಲಿ ಆ ಸಂಖ್ಯೆಗಳ ಪದ್ಧತಿ ಇಲ್ಲ. ಆ ದರ್ಜೆಗಳಿಗೆ ಗಣಿತದ ಸೂತ್ರ ಕೊಟ್ಟವರು ನಾರ್ಮನ್ ಪೋಗ್ಸನ್, 1856ರಲ್ಲಿ. ಐದು ದರ್ಜೆ ಅಂದರೆ ಪ್ರಕಾಶದಲ್ಲಿ ನೂರು ಪಟ್ಟು ಅಂತರ. ಅವರು 1861ರಲ್ಲಿ ಮದ್ರಾಸ್ ವೀಕ್ಷಣಾಲಯಕ್ಕೆ ಬಂದು ಕೊನೆಯವರೆಗೂ ಅಲ್ಲೇ ಇದ್ದರು.

ಬೇಸಾಯಗಾರ

ಭೂಮಿ ನಡುವೆ ಇದೆ, ಸೂರ್ಯ ಸುತ್ತುತ್ತಾನೆ ಅಂತ ನಂಬಿದ್ದವರ ಲೆಕ್ಕ ಇಷ್ಟು ಸರಿ ಬರಲು ಹೇಗೆ ಸಾಧ್ಯ ಅಂತ ನನಗೆ ಇನ್ನೂ ಅರ್ಥ ಆಗಿಲ್ಲ.

ಆಕಾಶಪ್ರಿಯ

ಒಳ್ಳೆಯ ಪ್ರಶ್ನೆ ಅಣ್ಣಾ. ಚಂದ್ರನ ದೂರ ತೆಗೆದುಕೊಳ್ಳಿ. ಒಂದು ಸೂರ್ಯಗ್ರಹಣದಲ್ಲಿ ಹೆಲಿಸ್ಪಾಂಟ್ ಅಂದರೆ ಈಗಿನ ಟರ್ಕಿಯ ಡಾರ್ಡನೆಲ್ಸ್ ಹತ್ತಿರ ಸೂರ್ಯ ಪೂರ್ತಿ ಮುಚ್ಚಿಹೋದ. ಅದೇ ಗ್ರಹಣ ಅಲೆಕ್ಸಾಂಡ್ರಿಯಾದಲ್ಲಿ ಐದರಲ್ಲಿ ನಾಲ್ಕು ಭಾಗ ಮಾತ್ರ. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ, ಹಾಗಾಗಿ ಉಳಿದ ಐದನೇ ಒಂದು ಭಾಗ ಅಂದರೆ ಡಿಗ್ರಿಯ ಹತ್ತನೇ ಒಂದು ಭಾಗದಷ್ಟು. ಎರಡು ಊರಿನಿಂದ ನೋಡಿದಾಗ ಚಂದ್ರ ಅಷ್ಟು ಪಕ್ಕಕ್ಕೆ ಸರಿದಂತೆ ಕಂಡ. ಊರುಗಳ ನಡುವಿನ ಅಂತರ ಅಕ್ಷಾಂಶದಲ್ಲಿ ಸುಮಾರು 9 ಡಿಗ್ರಿ. ಇಷ್ಟಿದ್ದರೆ ತ್ರಿಕೋನ ಬಿಡಿಸಿ ದೂರ ತೆಗೆಯಬಹುದು. ಆತನ ಮೊದಲ ಉತ್ತರ ಭೂಮಿಯ ತ್ರಿಜ್ಯದ 71ರಿಂದ 83 ಪಟ್ಟು. ಇನ್ನೊಂದು ವಿಧಾನದಲ್ಲಿ ಸರಾಸರಿ 67⅓. ನಿಜವಾದದ್ದು ಸುಮಾರು 60. ಈ ಲೆಕ್ಕಕ್ಕೆ ಯಾರು ಯಾರನ್ನು ಸುತ್ತುತ್ತಾರೆ ಅನ್ನುವುದು ಬೇಕೇ ಇಲ್ಲ.

ಗ್ರಹಗಳ ವಿಷಯದಲ್ಲಿ ಮಾತ್ರ ಆ ನಂಬಿಕೆ ತೊಡಕಾಗುತ್ತಿತ್ತು. ಅಲ್ಲಿ ಆತ ಏನು ಮಾಡಿದ ಅನ್ನುವುದೇ ನನಗೆ ಎಲ್ಲಕ್ಕಿಂತ ಇಷ್ಟ. ಸೂರ್ಯ ಚಂದ್ರರಿಗೆ ಸಿದ್ಧಾಂತ ಕೊಟ್ಟ. ಐದು ಗ್ರಹಗಳಿಗೆ ಕೊಡಲಿಲ್ಲ. ತನ್ನ ಬಳಿ ಇರುವ ವೀಕ್ಷಣೆಗಳು ಸಾಲವು ಅಂತ ಅವನ್ನು ಜೋಡಿಸಿ, ಆಗಿನ ಸಿದ್ಧಾಂತಗಳು ಅವಕ್ಕೆ ಹೊಂದುವುದಿಲ್ಲ ಅಂತ ತೋರಿಸಿ, ಮುಂದಿನವರಿಗೆ ಬಿಟ್ಟುಹೋದ. ಟಾಲೆಮಿ ಇದನ್ನು ಹೇಳುವಾಗ ಆತನನ್ನು ಸತ್ಯಪ್ರಿಯ ಅಂತ ಕರೆಯುತ್ತಾನೆ.

ಇತಿಹಾಸದಹುಚ್ಚು

ಸರಿ, ಈಗ ನಾನೂ ಒಂದು ಸೇರಿಸುತ್ತೇನೆ, ಖಗೋಳ ಬಿಟ್ಟು. ಹತ್ತು ಸರಳ ವಾಕ್ಯಗಳನ್ನು ಜೋಡಿಸಿ ಎಷ್ಟು ಸಂಯುಕ್ತ ವಾಕ್ಯ ಮಾಡಬಹುದು? ಹತ್ತು ಲಕ್ಷಕ್ಕೂ ಹೆಚ್ಚು ಅಂದಿದ್ದ ತತ್ತ್ವಜ್ಞಾನಿ ಕ್ರಿಸಿಪಸ್. ಹಿಪಾರ್ಕಸ್ ಲೆಕ್ಕ ಹಾಕಿ 1,03,049 ಅಂದ. ಗ್ರೀಕ್ ಲೇಖಕ ಪ್ಲುಟಾರ್ಕ್ ಇದನ್ನು ಬರೆದಿಟ್ಟಿದ್ದಾನೆ. ಆ ಸಂಖ್ಯೆ ಎಲ್ಲಿಂದ ಬಂತು ಅಂತ ಶತಮಾನಗಳವರೆಗೆ ಯಾರಿಗೂ ತಿಳಿಯಲಿಲ್ಲ. 1994ರಲ್ಲಿ ಡೇವಿಡ್ ಹಫ್ ಎಂಬ ಗಣಿತದ ವಿದ್ಯಾರ್ಥಿ ಗಮನಿಸಿದರು: ಜರ್ಮನಿಯ ಶ್ರೋಡರ್ 1870ರಲ್ಲಿ ಕೊಟ್ಟ ಸಂಖ್ಯಾಸರಣಿಯಲ್ಲಿ ಹತ್ತನೆಯದೇ 1,03,049. ಹತ್ತು ವಸ್ತುಗಳಿಗೆ ಎಷ್ಟು ರೀತಿ ಆವರಣ ಹಾಕಬಹುದು ಅನ್ನುವ ಲೆಕ್ಕ ಅದು. ಗ್ರೀಕರಿಗೆ ಇಂಥ ಎಣಿಕೆಯ ಗಣಿತ ಗೊತ್ತಿರಲಿಲ್ಲ ಅಂತ ನಂಬಿದ್ದವರೆಲ್ಲ ಮತ್ತೆ ಯೋಚಿಸಬೇಕಾಯಿತು.

ಮಲೆನಾಡಹುಡುಗಿ

ಸರ್, ಚಿಕ್ಕ ಸಂಖ್ಯೆಗೆ ಮಾಡಿ ತೋರಿಸುತ್ತೀರಾ? ನಾನು ನಾಲ್ಕು ವಸ್ತುಗಳಿಗೆ ಬರೆದೆ, ಎಂಟು ಸಿಕ್ಕಿತು.

ಗಣಿತಮೇಷ್ಟ್ರು

ನಾಲ್ಕಕ್ಕೆ 11 ಬರಬೇಕು. ಕ, ಖ, ಗ, ಘ ಅಂತ ಇಟ್ಟುಕೊಳ್ಳಿ, ಕ್ರಮ ಬದಲಿಸಬಾರದು. ಒಳಗೆ ಆವರಣ ಇಲ್ಲದ್ದು 1. ಒಂದೇ ಜೋಡಿಗೆ ಆವರಣ ಹಾಕಿದ್ದು 3: (ಕಖ)ಗಘ, ಕ(ಖಗ)ಘ, ಕಖ(ಗಘ). ಎರಡು ಜೋಡಿ 1: (ಕಖ)(ಗಘ). ಮೂರಕ್ಕೆ ಒಟ್ಟಿಗೆ ಹಾಕಿದ್ದು 2: (ಕಖಗ)ಘ, ಕ(ಖಗಘ). ಇನ್ನು ಆವರಣದೊಳಗೆ ಆವರಣ 4: ((ಕಖ)ಗ)ಘ, (ಕ(ಖಗ))ಘ, ಕ((ಖಗ)ಘ), ಕ(ಖ(ಗಘ)). ಕೂಡಿಸಿ, 11. ನೀವು ಬಿಟ್ಟದ್ದು ಈ ಕೊನೆಯ ಗುಂಪಿನಲ್ಲೇ ಇರಬೇಕು. ಐದು ವಸ್ತುಗಳಿಗೆ 45 ಬರುತ್ತದೆ, ಒಂದು ಹಾಳೆಯಲ್ಲಿ ಆರಾಮಾಗಿ ಬರೆಯಬಹುದು. ಆರಕ್ಕೆ 197, ಅಲ್ಲಿಂದ ಮುಂದೆ ಪಟ್ಟಿ ಬರೆಯುವುದು ಕಷ್ಟ, ಸೂತ್ರ ಬೇಕಾಗುತ್ತದೆ. ಐದರ ಪಟ್ಟಿ ಮಾಡಿ ಇಲ್ಲಿ ಹಾಕಿ, ನೋಡುತ್ತೇನೆ.